ನರಗುಂದದ ಕೋಟೆಗೊಬ್ಬ ಅತಿಮಾನವ

ಇತಿಹಾಸವನ್ನು ಓದುವ ವಿದ್ಯಾರ್ಥಿಗಳಲ್ಲಿ ‘ಹಾಗಾಗದೆ ಹೀಗಾಗಿದ್ದರೆ?’ ಎಂಬ ಪ್ರಶ್ನೆಯನ್ನು ಒಮ್ಮೆಯಾದರೂ ಕೇಳಿಕೊಳ್ಳದವರು ವಿರಳ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಅಂಕಗಳಿಲ್ಲವೆಂಬುದು ನಿಜ. ಆದರೂ ಇದು ಹುರುಳಿಲ್ಲದ ಪ್ರಶ್ನೆಯಲ್ಲ. ಯಾವುದೊಂದು ಸಂಗತಿಯನ್ನು ತೆಗೆದುಹಾಕಿದರೆ ಪರಿಣಾಮವೂ ಇಲ್ಲವಾಗುವುದೋ ಅದನ್ನೇ ಅಲ್ಲವೆ ನಾವು ಕಾರಣವೆಂದು ಕರೆಯುವುದು? ಹೀಗೆ ಮನಸ್ಸಿನಲ್ಲಿಯೇ ಒಂದು ಸಂಗತಿಯನ್ನು ಬದಲಿಸಿ ಫಲವನ್ನು ಎಣಿಸುವ ಕ್ರಮವನ್ನು ವಿಜ್ಞಾನದಲ್ಲಿ ಚಿಂತನ ಪ್ರಯೋಗವೆನ್ನುವರು. ಸಾಹಿತ್ಯದಲ್ಲಿ ಇದೇ ಕ್ರಮದಿಂದ ಹುಟ್ಟಿದ ಬಗೆಯೊಂದುಂಟು. ಅದರ ಹೆಸರು ಪರ್ಯಾಯ ಇತಿಹಾಸ. ಅದರೊಳಗೆ ಅತಿಮಾನವ ವೀರರನ್ನು ತಂದು ನಿಲ್ಲಿಸುವ ಕಥೆಗಳೂ ಇಂದು ಬಹಳವಾಗಿವೆ. ಇಂಥ ಕಥೆ ಹೇಗೆ ನಡೆಯುವುದು, ಅದರಿಂದ ನಾವು ಏನನ್ನು ಕಲಿಯಬಹುದು ಎಂಬುದನ್ನು ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳ ನೆಲದ ಮೇಲೆ ನಿಂತು ವಿಚಾರ ಮಾಡೋಣ.

ಹಲವರ ಕೈಯ ಒಂದು ಲೋಕ

ಮೊದಲು ಒಂದು ಪ್ರಸಿದ್ಧ ಉದಾಹರಣೆ. 1987ರಲ್ಲಿ ಅಮೆರಿಕದ ಲೇಖಕ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಸಂಪಾದಕತ್ವದಲ್ಲಿ ‘ವೈಲ್ಡ್ ಕಾರ್ಡ್ಸ್’ ಎಂಬ ಗ್ರಂಥಮಾಲೆ ಆರಂಭವಾಯಿತು. ಅದರ ಕಥೆಗಳನ್ನು ಬರೆದವರು ಹಲವರು. ಕಥೆಗಳು ನಡೆಯುವ ಲೋಕ ಮಾತ್ರ ಒಂದೇ. ಆ ಲೋಕದಲ್ಲಿ 1946ರ ಸೆಪ್ಟೆಂಬರ್ 15ರವರೆಗೆ ಎಲ್ಲವೂ ನಮ್ಮ ಇತಿಹಾಸದಂತೆಯೇ ನಡೆಯುವುದು. ಅಂದು ಅನ್ಯಗ್ರಹದ ವೈರಾಣುವೊಂದು ನ್ಯೂಯಾರ್ಕ್ ನಗರದ ಮೇಲೆ ಹರಡುವುದು. ಸೋಂಕು ತಗಲಿದ ನೂರು ಜನರಲ್ಲಿ 90 ಮಂದಿ ಸಾಯುವರು, 9 ಮಂದಿ ವಿಕಾರರೂಪ ತಾಳುವರು, ಉಳಿದ ಒಬ್ಬನಿಗೆ ಮಾತ್ರ ಅಸಾಧಾರಣ ಶಕ್ತಿ ಲಭಿಸುವುದು.

ಈ ಏರ್ಪಾಟಿನಲ್ಲಿ ಮೂರು ನಿಯಮಗಳನ್ನು ನಾವು ಕಾಣಬಹುದು. ಇತಿಹಾಸದಿಂದ ಅಗಲುವ ಸ್ಥಳ ಒಂದೇ ಇರಬೇಕು. ಇದನ್ನು ನಾವು ಕವಲುಬಿಂದು ಎಂದು ಕರೆಯೋಣ. ಶಕ್ತಿಯ ನಿಯಮ ಎಲ್ಲ ಲೇಖಕರಿಗೂ ಸಮಾನವಾಗಿರಬೇಕು. ಒಬ್ಬ ಲೇಖಕನ ಕಥೆಯಲ್ಲಿ ನಡೆದುಹೋದ ಸಂಗತಿ ಉಳಿದವರನ್ನೂ ಕಟ್ಟಿಹಾಕಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಆ ಲೋಕ ಕುಸಿದುಬೀಳುವುದು. ಏನು ಬೇಕಾದರೂ ಆಗಬಹುದಾದಲ್ಲಿ ಯಾವುದಕ್ಕೂ ಬೆಲೆಯಿರದು.

ಒಂದೇ ವೀರಲೋಕವನ್ನು ಹಲವು ಕವಿಗಳು ಹಂಚಿಕೊಳ್ಳುವ ಪದ್ಧತಿ ಕನ್ನಡಿಗರಿಗೆ ಹೊಸತಲ್ಲ. ಪಂಪ, ರನ್ನ, ಕುಮಾರವ್ಯಾಸರು ಬಳಸಿದ್ದು ಒಂದೇ ಭಾರತದ ಲೋಕವನ್ನು. ಆದರೆ 941ರಲ್ಲಿ ಪಂಪನು ‘ವಿಕ್ರಮಾರ್ಜುನ ವಿಜಯ’ವನ್ನು ಬರೆದಾಗ ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿ ಮಾಡಿದನು. ನಾಗಚಂದ್ರನ ರಾಮಾಯಣದಲ್ಲಿ ಜೈನ ಪರಂಪರೆಗೆ ಅನುಗುಣವಾಗಿ ರಾವಣನನ್ನು ಕೊಲ್ಲುವವನು ಲಕ್ಷ್ಮಣನೇ ಹೊರತು ರಾಮನಲ್ಲ. ಒಂದು ಸಂಗತಿಯನ್ನು ಬದಲಿಸಿದ ಮೇಲೆ ಅದಕ್ಕೆ ಹೊಂದುವಂತೆ ಮುಂದಿನ ಕಥೆಯನ್ನು ನಡೆಸಬೇಕಾದ ಹೊಣೆಯನ್ನು ಈ ಕವಿಗಳು ಬಲ್ಲವರಾಗಿದ್ದರು. ಪುರಾಣದ ಕಥೆಗೂ ಇತಿಹಾಸದ ಕಥೆಗೂ ಭೇದವುಂಟು. ಹೊಣೆ ಮಾತ್ರ ಒಂದೇ.

ಗಜೇಂದ್ರಗಡದ ಕವಲು

ಈಗ ನಮ್ಮ ಮೂರು ಊರುಗಳಿಗೆ ಬರೋಣ. 1785ರಲ್ಲಿ ಟೀಪೂ ಸುಲ್ತಾನನ ಸೈನ್ಯ ನರಗುಂದಕ್ಕೆ ಮುತ್ತಿಗೆ ಹಾಕಿತು. ಅಲ್ಲಿನ ಒಡೆಯ ವೆಂಕಟರಾವ್ ಭಾವೆ ಸೆರೆಯಾದನು. ಇದು ಪುಣೆಯ ಮರಾಠರಿಗೂ ಟೀಪೂವಿಗೂ ನಡೆದ ಯುದ್ಧದ ಕಾರಣಗಳಲ್ಲಿ ಒಂದಾಯಿತು. ಹೈದರಾಬಾದಿನ ನಿಜಾಮನು ಮರಾಠರ ಪಕ್ಷ ಸೇರಿದನು. 1787ರಲ್ಲಿ ಆ ಯುದ್ಧ ಮುಗಿದದ್ದು ಗಜೇಂದ್ರಗಡದ ಒಪ್ಪಂದದಿಂದ. ಟೀಪೂ ಕಪ್ಪ ಕೊಡಲು ಒಪ್ಪಿದನು. ಬಾದಾಮಿ ಮರಾಠರಿಗೆ ಸಂದಿತು. ಆದರೆ ಸುಮಾರು ಮೂರು ವರ್ಷಗಳ ಬಳಿಕ, 1790ರಲ್ಲಿ, ಪುಣೆ ಮತ್ತು ಹೈದರಾಬಾದುಗಳು ಇಂಗ್ಲಿಷ್ ಕಂಪನಿಯೊಡನೆ ಕೂಡಿ ಟೀಪೂವಿನ ಮೇಲೆ ಯುದ್ಧಕ್ಕೆ ನಿಂತವು. 1792ರಲ್ಲಿ ಅವನ ಅರ್ಧ ರಾಜ್ಯ ಹೋಯಿತು. 1799ರಲ್ಲಿ ಶ್ರೀರಂಗಪಟ್ಟಣವೇ ಬಿದ್ದಿತು. 1818ರಲ್ಲಿ ಪೇಶ್ವೆಗಳ ಆಳ್ವಿಕೆಯೂ ಮುಗಿಯಿತು.

ಗಜೇಂದ್ರಗಡದ ಒಪ್ಪಂದ ಕೇವಲ ವಿರಾಮವಾಗದೆ ಸ್ಥಿರವಾದ ಮೈತ್ರಿಯಾಗಿದ್ದರೆ? ಪರ್ಯಾಯ ಇತಿಹಾಸಕ್ಕೆ ಇದಕ್ಕಿಂತ ಫಲವತ್ತಾದ ಕವಲುಬಿಂದು ನಮ್ಮ ನಾಡಿನಲ್ಲಿ ವಿರಳ. ಆದರೆ ಇಲ್ಲಿ ಲೇಖಕನು ಎಚ್ಚರದಿಂದ ಇರಬೇಕು. ಕವಲು ಹಿಂದಕ್ಕೆ ಹೋದಷ್ಟೂ ಅದರ ಮುಂದಿನ ದಾರಿ ಮಸುಕಾಗುವುದು.

ಇದನ್ನು ವಿಜ್ಞಾನವೂ ತೋರಿಸಿದೆ. 1961ರಲ್ಲಿ ಎಡ್ವರ್ಡ್ ಲೊರೆಂಜ್ ಎಂಬ ಹವಾಮಾನ ಶಾಸ್ತ್ರಜ್ಞನು ಗಣಕಯಂತ್ರದಲ್ಲಿ ಒಂದು ಲೆಕ್ಕವನ್ನು ಮತ್ತೆ ನಡೆಸುವಾಗ 0.506127 ಎಂಬ ಅಂಕಿಯ ಬದಲು 0.506 ಎಂದು ಕೊಟ್ಟನು. ಆರಂಭದಲ್ಲಿ ಎರಡು ಲೆಕ್ಕಗಳೂ ಒಂದೇ ಆಗಿ ಸಾಗಿದವು. ಬರಬರುತ್ತ ಅಗಲಿ, ಕೊನೆಗೆ ಒಂದಕ್ಕೊಂದು ಸಂಬಂಧವೇ ಇಲ್ಲದಂತಾದವು. ಮನುಷ್ಯರ ಬಾಳಿಗೂ ಈ ಮಾತು ಸಲ್ಲುವುದು. ರೋಣದಲ್ಲಿ 1922ರಲ್ಲಿ ಜನಿಸಿ, ಹನ್ನೊಂದರ ವಯಸ್ಸಿನಲ್ಲಿ ಗುರುವನ್ನರಸಿ ಮನೆ ಬಿಟ್ಟ ಭೀಮಸೇನ ಜೋಶಿಯವರನ್ನು ನೆನೆಯಿರಿ. 1787ರಲ್ಲಿ ಕವಲೊಡೆದ ಲೋಕದಲ್ಲಿ ಅವರ ಪೂರ್ವಿಕರ ಮದುವೆಗಳು, ವಲಸೆಗಳು ಹಾಗೆಯೇ ನಡೆದಾವೆಂದು ಹೇಳಲಾಗದು. ಆದುದರಿಂದ ಆ ಲೋಕದಲ್ಲಿ ಆ ಕಂಠವನ್ನು ನಾವು ನಿರೀಕ್ಷಿಸುವಂತಿಲ್ಲ. ಮಲಪ್ರಭೆಯಾದರೋ ಅಲ್ಲಿಯೂ ಹರಿಯುವಳು. ಎರೆಯ ನೆಲ ಮಳೆಗೆ ಅಂಟಾಗಿ ಬೇಸಗೆಗೆ ಬಿರಿಯುವುದು. ನಿಸರ್ಗ ನಿಲ್ಲುವುದು, ವ್ಯಕ್ತಿಗಳು ಬದಲಾಗುವರು. ಕವಲು ಹತ್ತಿರದ್ದಾದರೆ ಕಾರಣಗಳನ್ನು ಎಣಿಸುವುದು ಸುಲಭ. ಆದುದರಿಂದ ನಮ್ಮ ಪ್ರಯೋಗಕ್ಕೆ ನಾವು 1858ನ್ನು ಆರಿಸಿಕೊಳ್ಳೋಣ.

1858ರಲ್ಲಿ ನಡೆದದ್ದು

ನರಗುಂದದ ಸಂಸ್ಥಾನಿಕ ಭಾಸ್ಕರರಾವ್ ಭಾವೆ ಬಾಬಾಸಾಹೇಬನೆಂದೇ ಪ್ರಸಿದ್ಧನು. ಮಗನಿಲ್ಲದೆ ದತ್ತಕಕ್ಕೆ ಅನುಮತಿ ಬೇಡಿದಾಗ ಬ್ರಿಟಿಷ್ ಸರಕಾರ ಅದನ್ನು ನಿರಾಕರಿಸಿತು. ಎಂದರೆ ಅವನೊಡನೆ ಸಂಸ್ಥಾನವೂ ಕೊನೆಗಾಣುವುದು ನಿಶ್ಚಯವಾಯಿತು. 1857ರ ಕೊನೆಯಲ್ಲಿ ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಒಪ್ಪದೆ ಹಲಗಲಿಯ ಬೇಡರು ದಂಗೆಯೆದ್ದರು; ನವೆಂಬರ್ ಮುಗಿಯುವುದರೊಳಗೆ ಅವರನ್ನು ಹತ್ತಿಕ್ಕಲಾಯಿತು. ಅದಾದ ಆರು ತಿಂಗಳಿಗೆ ಮುಂಡರಗಿಯ ಭೀಮರಾಯನು ಎದ್ದು ಕೊಪ್ಪಳದ ಕೋಟೆಯನ್ನು ಹಿಡಿದನು. 1858ರ ಮೇ 29ರ ರಾತ್ರಿ ಬಾಬಾಸಾಹೇಬನ ಜನರು ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನನ್ನು ಕೊಂದರು. ಜೂನ್ 1ರಂದು ಕೊಪ್ಪಳ ಬಿದ್ದು ಭೀಮರಾಯನು ಮಡಿದನು. ಅದೇ ಸಮಯಕ್ಕೆ ಕರ್ನಲ್ ಮಾಲ್ಕಮನ ದಳ ನರಗುಂದಕ್ಕೆ ಬಂದಿತು. ಮರುದಿನ ಕೋಟೆ ಅದರ ವಶವಾಯಿತು. ಬಾಬಾಸಾಹೇಬನು ಸೆರೆಸಿಕ್ಕಿದನು. ಜೂನ್ 12ರಂದು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಿದರು. ಮೊದಲಿನಿಂದ ಕೊನೆಯವರೆಗೆ ಎರಡು ವಾರಗಳು ಮಾತ್ರ!

ಅತಿಮಾನವನ ಶರೀರ

ಈ ಸನ್ನಿವೇಶದಲ್ಲಿ ನರಗುಂದದ ಕೋಟೆಗೆ ಒಬ್ಬ ಅತಿಮಾನವನನ್ನು ಕೊಡೋಣ. ಅವನಿಗೆ ಯಾವ ಶಕ್ತಿ ಇರಬೇಕು? ದೈತ್ಯಾಕಾರವೆಂದು ಹಲವರು ಹೇಳುವರು. ಆದರೆ 1638ರಲ್ಲಿಯೇ ಗೆಲಿಲಿಯೋ ಇದಕ್ಕೆ ಅಡ್ಡಿಯನ್ನು ತೋರಿಸಿದ್ದಾನೆ. ಮನುಷ್ಯನನ್ನು ಎಲ್ಲ ದಿಕ್ಕಿಗೂ ಹತ್ತು ಪಟ್ಟು ಬೆಳೆಸಿದರೆ ಅವನ ತೂಕ ಸಾವಿರ ಪಟ್ಟಾಗುವುದು. ಆ ತೂಕವನ್ನು ಹೊರುವ ಎಲುಬಿನ ಅಡ್ಡಕೊಯ್ತ ನೂರು ಪಟ್ಟು ಮಾತ್ರ. ಎಲುಬಿನ ಮೇಲಿನ ಒತ್ತಡ ಹತ್ತು ಪಟ್ಟು ಏರುವುದರಿಂದ ನಮ್ಮ ದೈತ್ಯನು ಯುದ್ಧಕ್ಕೆ ಹೊರಡುವ ಮೊದಲೇ ಕಾಲು ಮುರಿದುಕೊಳ್ಳುವನು.

ಹಾಗಾದರೆ ಸಾಧಾರಣ ಗಾತ್ರದವನು ಒಂದೇ ನೆಗೆತಕ್ಕೆ 100 ಮೀಟರ್ ಎತ್ತರದ ಗುಡ್ಡವನ್ನು ಏರಲಿ. ಅವನ ತೂಕ 70 ಕಿಲೋಗ್ರಾಮ್ ಆದರೆ ಇದಕ್ಕೆ ಬೇಕಾಗುವ ಶಕ್ತಿ ಸುಮಾರು 68,600 ಜೌಲ್, ಎಂದರೆ 16 ಕಿಲೋಕ್ಯಾಲೊರಿಗಳಷ್ಟು. ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಕಾಲು ಭಾಗವನ್ನು ಮಾತ್ರ ಕೆಲಸಕ್ಕೆ ತಿರುಗಿಸುವುವೆಂದು ಲೆಕ್ಕ ಹಾಕಿದರೂ ಒಂದು ಜೋಳದ ರೊಟ್ಟಿ ಧಾರಾಳವಾಗಿ ಸಾಕು! ತೊಡಕು ಇರುವುದು ಬೇರೆಡೆಯಲ್ಲಿ. ನೆಲ ಬಿಡುವಾಗ ಅವನ ವೇಗ ಗಂಟೆಗೆ ಸುಮಾರು 160 ಕಿಲೋಮೀಟರ್ ಇರಬೇಕು. ಮಂಡಿ ಬಗ್ಗಿಸಿ ಏಳುವ ಅರ್ಧ ಮೀಟರಿನೊಳಗೆ ಈ ವೇಗ ಬರಬೇಕಾದರೆ ತನ್ನ ತೂಕದ ಸುಮಾರು 200 ಪಟ್ಟು, ಎಂದರೆ 14 ಟನ್ ಭಾರದಷ್ಟು, ಒತ್ತುಬಲವನ್ನು ಅವನ ಕಾಲುಗಳು ತಾಳಬೇಕು. ಅತಿಮಾನವನಿಗೆ ಅತಿಮಾನವ ಎಲುಬುಗಳೂ ಬೇಕೆಂದಾಯಿತು. ಕಥೆಗಾರನು ಅದನ್ನೂ ಕೊಡಲಿ. ಆದರೆ ಕೊಟ್ಟೆನೆಂದು ತಿಳಿದು ಕೊಡಲಿ.

ಬಲದಿಂದ ಏನಾದೀತು?

ಎಲ್ಲವನ್ನೂ ಪಡೆದ ನಮ್ಮ ವೀರನು ಮಾಲ್ಕಮನ ದಳವನ್ನು ಒಬ್ಬನೇ ಹಿಮ್ಮೆಟ್ಟಿಸಿದನೆಂದು ಇಟ್ಟುಕೊಳ್ಳೋಣ. ನರಗುಂದ ಜೂನ್ 2ರಂದು ಬೀಳಲಿಲ್ಲ. ಮುಂದೆ? ದೆಹಲಿ 1857ರ ಸೆಪ್ಟೆಂಬರಿನಲ್ಲಿಯೇ ಬ್ರಿಟಿಷರ ಕೈಗೆ ಮರಳಿತ್ತು. ಝಾನ್ಸಿ ಏಪ್ರಿಲಿನಲ್ಲಿ ಬಿದ್ದಿತ್ತು. ಹಲಗಲಿ ಹೋಗಿ ಆರು ತಿಂಗಳಾಗಿತ್ತು. ಕೊಪ್ಪಳ ಹಿಂದಿನ ದಿನ ಹೋಗಿತ್ತು. ನೆರೆಯ ರಾಮದುರ್ಗದ ಸಂಸ್ಥಾನಿಕನು, ಬಾಬಾಸಾಹೇಬನ ಬಂಧುವಾದರೂ, ಬ್ರಿಟಿಷರ ಪಕ್ಷದಲ್ಲಿಯೇ ಉಳಿದಿದ್ದನು. ಒಂದು ಗುಡ್ಡದ ಮೇಲೆ ಒಬ್ಬ ಅಜೇಯನು ನಿಂತ ಮಾತ್ರಕ್ಕೆ ಈ ಯಾವ ಸಂಗತಿಯೂ ಬದಲಾಗದು. ಬ್ರಿಟಿಷರು ಅವನನ್ನು ಅಲ್ಲಿಯೇ ಬಿಟ್ಟು ಸುತ್ತಲಿನ ಹಳ್ಳಿಗಳನ್ನು ಆಳಬಲ್ಲರು.

ಈಗ ಪ್ರಯೋಗವನ್ನು ಬದಲಿಸೋಣ. ವೀರನ ತೋಳಿನ ಬಲವನ್ನು ತೆಗೆದು ಅವನಿಗೆ ಒಂದೇ ಶಕ್ತಿಯನ್ನು ಕೊಡೋಣ: ಹಲಗಲಿ, ಮುಂಡರಗಿ, ನರಗುಂದಗಳವರ ಮಾತು ಒಬ್ಬರದೊಬ್ಬರಿಗೆ ತಕ್ಷಣ ಮುಟ್ಟುವಂತೆ ಮಾಡುವ ಶಕ್ತಿ. ನರಗುಂದದಿಂದ ಕೊಪ್ಪಳಕ್ಕೆ ನೇರ ಗೆರೆಯಲ್ಲಿ ಸುಮಾರು 90 ಕಿಲೋಮೀಟರ್. ಕುದುರೆ ಸವಾರನಿಗೆ ಅದು ಒಂದು ಹಗಲಿನ ಕಠಿಣ ಪ್ರಯಾಣ. ಸೆಕೆಂಡಿಗೆ 340 ಮೀಟರ್ ಸಾಗುವ ಶಬ್ದವು ಅಷ್ಟು ದೂರ ಕೇಳಿಸುವಂತಿದ್ದರೆ ನಾಲ್ಕೂವರೆ ನಿಮಿಷ ಸಾಕಿತ್ತು. ತಂತಿಯಲ್ಲಾದರೆ ಸುದ್ದಿ ಕ್ಷಣಮಾತ್ರದಲ್ಲಿ ಮುಟ್ಟುವುದು; ಅಂದು ಭಾರತದಲ್ಲಿ ಆ ತಂತಿಯಿದ್ದದ್ದು ಸರಕಾರದ ಕೈಯಲ್ಲಿ. ಹಲಗಲಿ ನವೆಂಬರಿನಲ್ಲಿ ಒಂಟಿಯಾಗಿ ಏಳದೆ, ನರಗುಂದ ಮೇ ತಿಂಗಳವರೆಗೆ ಕಾಯದೆ, ಎಲ್ಲವೂ ಒಂದೇ ವಾರದಲ್ಲಿ ಎದ್ದಿದ್ದರೆ ಬ್ರಿಟಿಷರು ತಮ್ಮ ದಳಗಳನ್ನು ಒಂದರ ಬಳಿಕ ಒಂದು ಊರಿಗೆ ಕಳುಹುವಂತಿರಲಿಲ್ಲ. ಆಗಲೂ ಗೆಲುವು ನಿಶ್ಚಯವೆನ್ನುವಂತಿಲ್ಲ. ಆದರೆ ಎರಡು ವಾರಗಳಲ್ಲಿ ಕಥೆ ಮುಗಿಯುತ್ತಿರಲಿಲ್ಲವೆನ್ನಬಹುದು.

ಇದೇ ನಮ್ಮ ಪ್ರಯೋಗದ ಫಲ. ನರಗುಂದಕ್ಕೆ ಅಂದು ಕೊರತೆಯಾಗಿದ್ದದ್ದು ಶೌರ್ಯವಲ್ಲ. ಸುದ್ದಿ, ಸಮಯ ಮತ್ತು ಸಂಘಟನೆ. ‘ಒಬ್ಬ ಬಲಶಾಲಿ ಇದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು’ ಎಂಬ ಮಾತು ಇತಿಹಾಸದ ಕಾರಣಗಳನ್ನು ಮರೆಸುವ ಮಾತು. ಒಳ್ಳೆಯ ಅತಿಮಾನವ ಕಥೆಗಳು ಇದನ್ನು ಬಲ್ಲವು. ‘ವೈಲ್ಡ್ ಕಾರ್ಡ್ಸ್’ ಲೋಕದಲ್ಲಿ ನಾಲ್ವರು ಮಹಾಶಕ್ತರ ತಂಡವೊಂದು ಶಾಸನಸಭೆಯ ವಿಚಾರಣಾ ಸಮಿತಿಯೆದುರು ಮುರಿದುಬೀಳುವುದು. ಗುಂಡಿಗೆ ಜಗ್ಗದವರು ಭಯದ ರಾಜಕಾರಣಕ್ಕೆ ಸೋಲುವರು.

ನರಗುಂದವೇ ಇದಕ್ಕೆ ಇನ್ನೊಂದು ಸಾಕ್ಷಿಯನ್ನು ಕೊಟ್ಟಿದೆ, ಅದು ಕಲ್ಪನೆಯಲ್ಲ. 1980ರ ಜುಲೈ 21ರಂದು ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ರೈತರು ಅಲ್ಲಿ ಒಟ್ಟುಗೂಡಿದರು. ಗೋಲಿಬಾರಾಯಿತು, ಪ್ರಾಣಹಾನಿಯಾಯಿತು. ಅಂದಿನ ಜನರಲ್ಲಿ ಯಾರಿಗೂ ಅತಿಮಾನವ ಶಕ್ತಿಯಿರಲಿಲ್ಲ. ಆದರೆ ಸುದ್ದಿ ನಾಡೆಲ್ಲ ಹಬ್ಬಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. 1983ರ ಚುನಾವಣೆಯಲ್ಲಿ ಆಳುವ ಪಕ್ಷ ರಾಜ್ಯದಲ್ಲಿ ಮೊದಲ ಬಾರಿಗೆ ಅಧಿಕಾರ ಕಳೆದುಕೊಂಡಿತು. ಇದಕ್ಕೆ ಕಾರಣಗಳು ಹಲವು; ಅವುಗಳಲ್ಲಿ ನರಗುಂದವೂ ಒಂದು. 1858ರಲ್ಲಿ ಇಲ್ಲದಿದ್ದದ್ದು 1980ರಲ್ಲಿ ಇದ್ದಿತು.

ಅಭ್ಯಾಸ

1. ಮನುಷ್ಯನನ್ನು ಎಲ್ಲ ದಿಕ್ಕಿಗೂ ಎರಡು ಪಟ್ಟು ಬೆಳೆಸಿದರೆ ಅವನ ಎಲುಬಿನ ಮೇಲಿನ ಒತ್ತಡ ಎಷ್ಟು ಪಟ್ಟಾಗುವುದು?

2. ನೆಗೆಯುವ ವೀರನು ಅರ್ಧ ಮೀಟರಿನ ಬದಲು ಒಂದು ಮೀಟರಿನೊಳಗೆ ವೇಗವನ್ನು ಪಡೆದರೆ ಅವನ ಕಾಲುಗಳ ಮೇಲಿನ ಬಲ ಎಷ್ಟು ಕಡಿಮೆಯಾಗುವುದು?

3. 1858ರಲ್ಲಿ ಮುಂಗಾರು ಮೇ ತಿಂಗಳ ನಡುವೆಯೇ ಜೋರಾಗಿ ಸುರಿದಿದ್ದರೆ ಎರೆಯ ನೆಲದ ದಾರಿಗಳಲ್ಲಿ ತೋಪಿನ ಬಂಡಿಗಳು ಹೇಗೆ ಸಾಗುತ್ತಿದ್ದವು? ಇದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ?

4. ನಿಮ್ಮ ಊರಿನ ಇತಿಹಾಸದಿಂದ ಒಂದು ಕವಲುಬಿಂದುವನ್ನು ಆರಿಸಿ, ಒಂದೇ ಒಂದು ಸಂಗತಿಯನ್ನು ಬದಲಿಸಿ, ಐದು ಪರಿಣಾಮಗಳನ್ನು ಬರೆಯಿರಿ. ನಾಲ್ವರು ಸ್ನೇಹಿತರು ಒಂದೇ ಕವಲಿನಿಂದ ಹೊರಟು ಬರೆದು ಬಳಿಕ ಹೋಲಿಸಿದರೆ ಇನ್ನೂ ಒಳ್ಳೆಯದು. ಒಬ್ಬರದೊಬ್ಬರಿಗೆ ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಕಾರಣವನ್ನು ಮತ್ತೆ ಹುಡುಕಬೇಕಾಗಿದೆ ಎಂದು ತಿಳಿಯಿರಿ.