ಎಸ್‌ಎಂಪಿಎಸ್‌ನಿಂದ ಶುರು ಮಾಡು

ನೀನು ಕಳಿಸಿದ ಪಟ್ಟಿಯನ್ನು ಗಮನವಿಟ್ಟು ಓದಿದೆ, ಮಗಳೇ. ಗ್ರಾಫಿಕ್ಸ್ ಕಾರ್ಡಿನ ಮಾಡೆಲ್ ನಂಬರನ್ನು ಕೊನೆಯ ಅಕ್ಷರದವರೆಗೂ ಬರೆದಿದ್ದೀಯ. ಪ್ರೊಸೆಸರಿಗೆ ಎಷ್ಟು ಕೋರ್ ಎಂದು ಬರೆದಿದ್ದೀಯ. ಕ್ಯಾಬಿನೆಟ್ಟಿನ ಬಣ್ಣದ ಫ್ಯಾನುಗಳೂ ಇವೆ. ಎಲ್ಲ ಭಾಗಗಳಿಗೂ ಕರೆಂಟು ಹಂಚುವ ಎಸ್‌ಎಂಪಿಎಸ್ ಇರುವ ಸಾಲಿನಲ್ಲಿ ಮಾತ್ರ ‘600 ವ್ಯಾಟ್, ಯಾವುದಾದರೂ’ ಎಂದಿದೆ. ಮಾನಿಟರ್ ಮುಂದೆ ‘ಉಳಿದ ದುಡ್ಡಿನಲ್ಲಿ’ ಎಂದಿದೆ. ಯುಪಿಎಸ್ ಇಲ್ಲವೇ ಇಲ್ಲ. ಕೆಟ್ಟ ಕಂಪ್ಯೂಟರುಗಳನ್ನು ಬಿಚ್ಚುತ್ತಲೇ ವಯಸ್ಸು ಕಳೆದವನ ಕಣ್ಣಿಗೆ ಮೊದಲು ಬೀಳುವುದು ಈ ಮೂರೇ.

ಆಡಬೇಡ ಎನ್ನುವ ದೊಡ್ಡಪ್ಪ ನಾನಲ್ಲ. ದಿನವಿಡೀ ದುಡಿದವಳು ರಾತ್ರಿ ಗೆಳತಿಯರ ಜೊತೆ ವ್ಯಾಲರಂಟ್ ಆಡಿದರೆ ಅದರಲ್ಲಿ ತಪ್ಪೇನಿದೆ? ಆದರೆ ನಿನ್ನ ಕಂಪನಿ ಲ್ಯಾಪ್‌ಟಾಪ್ ಕೊಟ್ಟಿಲ್ಲ. ಬಳ್ಳಾರಿಯ ಮನೆಯಲ್ಲಿ ಕೂತು ಬೆಂಗಳೂರಿನ ಕೆಲಸವನ್ನು ಇದೇ ಯಂತ್ರದಲ್ಲಿ ಮಾಡಬೇಕು. ಅಂದಮೇಲೆ ಇದು ಸಂಬಳ ತರುವ ಯಂತ್ರವೂ ಹೌದು. ಆಟದಲ್ಲಿ ಹತ್ತು ಫ್ರೇಮ್ ಕಡಿಮೆ ಬಂದರೆ ಯಾರ ಗಂಟೂ ಹೋಗುವುದಿಲ್ಲ. ಮೀಟಿಂಗಿನ ನಡುವೆ ಪರದೆ ಕಪ್ಪಾಗಿ, ಮದರ್‌ಬೋರ್ಡ್ ವಾರಂಟಿಗೆ ಹೋಗಿ, ಮೂರು ವಾರ ಕೈಕಟ್ಟಿ ಕೂರಬೇಕಾಗಿ ಬಂದರೆ ಹೋಗುತ್ತದೆ. ಯಂತ್ರ ನಿಲ್ಲದಂತೆ ಕಾಯುವ ಭಾಗಗಳನ್ನು ಮೊದಲು ಆರಿಸು. ಮೆರೆಸುವ ಭಾಗಗಳು ಆಮೇಲೆ ಬರಲಿ, ಅವನ್ನು ಮುಂದೆ ಯಾವಾಗ ಬೇಕಾದರೂ ಬದಲಾಯಿಸಬಹುದು.

ಎಸ್‌ಎಂಪಿಎಸ್ ಕೊಳ್ಳುವಾಗ ಡಬ್ಬದ ಮೇಲಿನ ದೊಡ್ಡ ಅಂಕಿಯನ್ನು ನಂಬಬೇಡ. ಅದರ ಪಕ್ಕದಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ. ಅದರಲ್ಲಿ +12 ವೋಲ್ಟ್ ಎಂಬ ಕಾಲಮ್ಮಿನ ಕೆಳಗೆ ಎಷ್ಟು ಆಂಪಿಯರ್ ಎಂದು ನೋಡು. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಕರೆಂಟು ಎಳೆಯುವುದು ಹೆಚ್ಚಾಗಿ ಆ 12 ವೋಲ್ಟಿನಿಂದಲೇ. ಆಂಪಿಯರನ್ನು 12ರಿಂದ ಗುಣಿಸಿದರೆ ನಿಜವಾದ ಶಕ್ತಿ ಸಿಗುತ್ತದೆ. ‘450 ವ್ಯಾಟ್’ ಎಂದು ಬರೆದುಕೊಂಡ ಅಗ್ಗದ ಡಬ್ಬದಲ್ಲಿ 12 ವೋಲ್ಟಿಗೆ 18 ಆಂಪಿಯರ್ ಇದ್ದರೆ ಅದು ಕೊಡುವುದು 216 ವ್ಯಾಟ್, ಅಷ್ಟೇ. ಸರಿಯಾದ 550 ವ್ಯಾಟಿನ ಎಸ್‌ಎಂಪಿಎಸ್‌ನಲ್ಲಿ ಆ ಜಾಗದಲ್ಲಿ 45 ಆಂಪಿಯರಿನ ಆಸುಪಾಸು ಇರುತ್ತದೆ. ಅಗ್ಗದ್ದು ಸಾಯುವಾಗ ಒಂಟಿಯಾಗಿ ಸಾಯುವುದಿಲ್ಲ, ಬೋರ್ಡನ್ನೂ ಡಿಸ್ಕನ್ನೂ ಜೊತೆಗೆ ಕರೆದೊಯ್ಯುತ್ತದೆ. ಹೆಚ್ಚು ವೋಲ್ಟೇಜ್, ಹೆಚ್ಚು ಕರೆಂಟು, ಶಾರ್ಟ್ ಸರ್ಕ್ಯೂಟ್ ಮೂರಕ್ಕೂ ತಾನೇ ಕಡಿದುಕೊಳ್ಳುವ ರಕ್ಷಣೆ ಇದೆಯೇ ಎಂದು ಕೇಳಿ ನೋಡಿ ಕೊಳ್ಳು.

80 ಪ್ಲಸ್ ಬ್ರಾಂಜ್, ಗೋಲ್ಡ್ ಎನ್ನುವುದು ಕರೆಂಟು ಎಷ್ಟು ಪೋಲಾಗುತ್ತದೆ ಎಂಬುದರ ಮುದ್ರೆ; ಗೋಲ್ಡ್ ಆದರೆ ಅರ್ಧ ಲೋಡಿನಲ್ಲಿ ಶೇ 90ರಷ್ಟು ಕೆಲಸಕ್ಕೆ ಬರುತ್ತದೆ. ಒಳಗಿನ ಬಿಡಿಭಾಗಗಳ ಆಯಸ್ಸಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಅಲ್ಲದೆ ಆ ಪರೀಕ್ಷೆ ನಡೆಯುವುದು 23 ಡಿಗ್ರಿಯ ತಂಪು ಕೋಣೆಯಲ್ಲಿ. ನಿಮ್ಮೂರಿನ ಏಪ್ರಿಲ್ 40 ದಾಟುತ್ತದೆ, ಪೆಟ್ಟಿಗೆಯೊಳಗೆ ಇನ್ನೂ ಹೆಚ್ಚು. ಹಾಗಾಗಿ ವಾರಂಟಿಯ ವರ್ಷಗಳನ್ನು ನೋಡು. ಐದು, ಏಳು, ಹತ್ತು ವರ್ಷ ಬರೆದುಕೊಡುವವರು ತಮ್ಮ ಮಾಲಿನ ಮೇಲೆ ಭರವಸೆ ಇಟ್ಟೇ ಬರೆದುಕೊಡುತ್ತಾರೆ. ಇನ್ನೊಂದು ಮಾತು: ವೈರುಗಳನ್ನು ಕಳಚಿ ಹಾಕುವ ಮಾಡ್ಯುಲರ್ ಎಸ್‌ಎಂಪಿಎಸ್ ಆದರೆ, ಒಂದರ ವೈರನ್ನು ಇನ್ನೊಂದಕ್ಕೆ ಎಂದಿಗೂ ಹಾಕಬೇಡ. ಗ್ರಾಫಿಕ್ಸ್ ಕಾರ್ಡಿನ ಕಡೆಯ ತುದಿ ಒಂದೇ ಥರ ಇರುತ್ತದೆ, ಎಸ್‌ಎಂಪಿಎಸ್ ಕಡೆಯ ಪಿನ್ನುಗಳ ಜೋಡಣೆ ಕಂಪನಿಗೊಂದು ರೀತಿ. ತಪ್ಪು ವೈರಿನಿಂದ ಸುಟ್ಟ ಡಿಸ್ಕುಗಳನ್ನು ಹಿಡಿದು ಕಣ್ಣೀರು ಹಾಕಿದವರನ್ನು ನೋಡಿದ್ದೇನೆ. ಅವರ ವರ್ಷಗಟ್ಟಲೆ ಫೋಟೊಗಳು ಅದರಲ್ಲಿದ್ದವು.

ಇನ್ನು ಯುಪಿಎಸ್. ಜೆಸ್ಕಾಂ ಕರೆಂಟು ಹೋಗುವುದಕ್ಕಿಂತ ಅದು ಮರಳಿ ಬರುವ ಗಳಿಗೆಗೆ ಹೆದರಬೇಕು. 600 ವಿಎ ಎಂದರೆ 600 ವ್ಯಾಟ್ ಎಂದು ತಿಳಿಯಬೇಡ, ಸಾಮಾನ್ಯವಾಗಿ ಅದು 360 ವ್ಯಾಟ್. ನಿನ್ನ ಪಟ್ಟಿಯ ಯಂತ್ರ ಆಟದ ಹೊತ್ತಿಗೆ ಮಾನಿಟರ್ ಸೇರಿ 300 ವ್ಯಾಟಿನ ಹತ್ತಿರ ಹೋಗುತ್ತದೆ. 1000 ವಿಎಗಿಂತ ಕಡಿಮೆಯದನ್ನು ನೋಡಬೇಡ. ದುಡ್ಡು ಒದಗಿದರೆ ಪ್ಯೂರ್ ಸೈನ್ ವೇವ್ ತಗೋ. ಈಗಿನ ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿರುವ ಆಕ್ಟಿವ್ ಪಿಎಫ್‌ಸಿ, ಅಗ್ಗದ ಯುಪಿಎಸ್ಸಿನ ಚೌಕಾಕಾರದ ಅಲೆಗೆ ಕೆಲವೊಮ್ಮೆ ಮುನಿಸಿಕೊಂಡು ಯಂತ್ರವನ್ನೇ ಆರಿಸಿಬಿಡುತ್ತದೆ. ವೈಫೈ ರೌಟರನ್ನೂ ಬ್ಯಾಕಪ್ಪಿಗೆ ಸೇರಿಸು. ಕಂಪ್ಯೂಟರ್ ಉಳಿದು ಇಂಟರ್‌ನೆಟ್ ಹೋದರೆ ಮೀಟಿಂಗ್ ಹೋದಂತೆಯೇ. ಇದೆಲ್ಲಕ್ಕಿಂತ ಮೊದಲು ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ, ನಿನ್ನ ಕೋಣೆಯ ಮೂರು ಪಿನ್ನಿನ ಸಾಕೆಟ್ಟಿಗೆ ನಿಜವಾಗಿ ಅರ್ಥಿಂಗ್ ಇದೆಯೇ ಎಂದು ಅಳತೆ ಮಾಡಿಸು. ಹಳೆಯ ಮನೆಗಳಲ್ಲಿ ಆ ಮೇಲಿನ ತೂತು ಎಷ್ಟೋ ಸಲ ಖಾಲಿಯಾಗಿಯೇ ಇರುತ್ತದೆ. ಮುಟ್ಟಿದರೆ ಜುಮ್ಮೆನ್ನುವ ಕ್ಯಾಬಿನೆಟ್‌ಗಳಿಗೆ ಹೆಚ್ಚಾಗಿ ಇದೇ ಕಾರಣ.

ಮಾನಿಟರನ್ನು ಕೊನೆಗೆ ಇಟ್ಟಿದ್ದೀಯ, ನಾನಾದರೆ ಎಸ್‌ಎಂಪಿಎಸ್ ಆದ ಮೇಲೆ ಅದನ್ನೇ ಇಡುತ್ತೇನೆ. ದಿನಕ್ಕೆ ಒಂಬತ್ತು ಗಂಟೆ ನೀನು ನೋಡುವುದು ಅದನ್ನು, ಗ್ರಾಫಿಕ್ಸ್ ಕಾರ್ಡನ್ನಲ್ಲ. ಅಲ್ಲದೆ ಯಾವ ಕಾರ್ಡು ಸಾಕು ಎಂದು ಹೇಳುವುದೂ ಪರದೆಯೇ. 1080ಪಿ ಪರದೆಯಲ್ಲಿ ಸುಮಾರು 21 ಲಕ್ಷ ಚುಕ್ಕೆಗಳು, 1440ಪಿಯಲ್ಲಿ 37 ಲಕ್ಷ, 4ಕೆಯಲ್ಲಿ 83 ಲಕ್ಷ. ಪ್ರತಿ ಫ್ರೇಮಿಗೂ ಅಷ್ಟನ್ನು ಬಿಡಿಸುವವರು ಯಾರು? ಆ ಕಾರ್ಡೇ. 4ಕೆ ಪರದೆ ಕೊಂಡು ಅದಕ್ಕೆ ಸಾಲದ ಕಾರ್ಡು ಹಾಕಿದರೆ ಎರಡೂ ದುಡ್ಡು ವ್ಯರ್ಥ. ನನ್ನ ಮಾತು ಕೇಳಿದರೆ 27 ಇಂಚು, 1440ಪಿ, ಐಪಿಎಸ್, 144 ಹರ್ಟ್ಸ್ ಅಥವಾ ಹೆಚ್ಚು. 27 ಇಂಚಿನಲ್ಲಿ 1080ಪಿ ಬೇಡ. ಇಂಚಿಗೆ 82 ಚುಕ್ಕೆ ಮಾತ್ರ ಬರುತ್ತದೆ. 1440ಪಿಯಲ್ಲಿ ಅದು 109. ಇಂಗ್ಲಿಷ್ ಅಕ್ಷರ ಹೇಗೋ ನಡೆಯುತ್ತದೆ, ನಮ್ಮ ಅಕ್ಷರಕ್ಕೆ ಅದು ಸಾಲದು. ‘ರಾಷ್ಟ್ರ’, ‘ಸ್ವಾತಂತ್ರ್ಯ’ ಎಂಬಂಥ ಮಾತುಗಳ ಒತ್ತಕ್ಷರಗಳು ಚುಕ್ಕೆ ಕಡಿಮೆಯಾದಲ್ಲಿ ಕಲಸಿಹೋಗುತ್ತವೆ. ನಿನಗೆ ಕನ್ನಡದಲ್ಲಿ ಓದುವ, ಬರೆಯುವ ಅಭ್ಯಾಸ ಇದೆ, ಅದು ಕಣ್ಣುನೋವಿನಿಂದ ಬಿಟ್ಟುಹೋಗಬಾರದು. ಸ್ಟ್ಯಾಂಡು ಮೇಲೆ ಕೆಳಗೆ ಸರಿಯುವಂಥದ್ದಿರಲಿ. ಹಾಗೆಯೇ ನಿನ್ನ ಪಟ್ಟಿಯ ‘ಗೇಮಿಂಗ್ ಚೇರ್’ ತೆಗೆದುಹಾಕಿ, ಸೊಂಟಕ್ಕೆ ಆಸರೆ ಇರುವ ಸಾದಾ ಆಫೀಸ್ ಕುರ್ಚಿ ಬರೆ.

ಮನೆಗೆ ತಂದ ಮೇಲೆ ಮಾನಿಟರಿನ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚು, ಮದರ್‌ಬೋರ್ಡಿನದಕ್ಕಲ್ಲ. ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 144 ಎಂದು ನೀನೇ ಬದಲಾಯಿಸು. ಎಷ್ಟೋ ಜನ ದುಬಾರಿ ಪರದೆಯನ್ನು ವರ್ಷಗಟ್ಟಲೆ 60ರಲ್ಲೇ ಓಡಿಸುತ್ತಾರೆ.

ಈಗ ಗ್ರಾಫಿಕ್ಸ್ ಕಾರ್ಡಿಗೆ ಬರೋಣ. ನೀನು ಹೆಚ್ಚು ಆಡುವ ವ್ಯಾಲರಂಟಿಗೆ, 144 ಫ್ರೇಮು ಬೇಕೆಂದರೂ ಅದನ್ನು ಮಾಡಿದವರು ಹೇಳಿರುವುದು ಜಿಟಿಎಕ್ಸ್ 1050 ಟಿಐ. ಅದು 2016ರ ಕಾರ್ಡು. ಬಜೆಟ್ಟಿನ ಅರ್ಧವನ್ನು ಕಾರ್ಡಿಗೆ ಸುರಿಯಲು ಆ ಆಟ ಕಾರಣವಾಗಲಾರದು. ಸೈಬರ್‌ಪಂಕ್ 2077ರಂಥ ಭಾರದ ಆಟ ಆಡುವ ಆಸೆ ಇದ್ದರೆ ಕಾರ್ಡಿನ ಮೆಮೊರಿ ನೋಡು. ಆರ್‌ಟಿಎಕ್ಸ್ 5060 ಟಿಐ, ಆರ್‌ಎಕ್ಸ್ 9060 ಎಕ್ಸ್‌ಟಿ ಎರಡೂ ಒಂದೇ ಹೆಸರಿನಲ್ಲಿ 8 ಜಿಬಿ, 16 ಜಿಬಿ ಎಂದು ಎರಡು ಬಗೆಯಲ್ಲಿ ಬಂದಿವೆ. ಅಂಗಡಿಯವರು ಹೆಸರು ಮಾತ್ರ ಹೇಳಿದರೆ ಎಷ್ಟು ಜಿಬಿ ಎಂದು ನೀನು ಕೇಳಬೇಕು. 1440ಪಿ ಪರದೆ, ನಾಲ್ಕೈದು ವರ್ಷದ ಬಾಳಿಕೆ ಎಂದುಕೊಂಡರೆ ಹೊಸ ಕಾರ್ಡಿಗೆ 8 ಜಿಬಿ ಬೇಡ. ಸದ್ಯಕ್ಕೆ ಅಷ್ಟು ಹಣ ಇಲ್ಲವೇ? ಪ್ರೊಸೆಸರಿನಲ್ಲೇ ಇರುವ ಗ್ರಾಫಿಕ್ಸಿನಲ್ಲಿ ಒಂದೆರಡು ತಿಂಗಳು ಕಚೇರಿ ಕೆಲಸ ನಡೆಸಿ, ದುಡ್ಡು ಕೂಡಿಸಿ ಆಮೇಲೆ ಕೊಳ್ಳು. ಅದಕ್ಕೇ ಹೇಳುವುದು, ಹೆಸರಿನ ಕೊನೆಗೆ ‘ಎಫ್’ ಇರುವ ಪ್ರೊಸೆಸರ್ ಬೇಡ ಎಂದು. ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ. ಮುಂದೊಂದು ದಿನ ಕಾರ್ಡು ಕೆಟ್ಟು ವಾರಂಟಿಗೆ ಹೋದರೂ ಕೆಲಸ ನಡೆಯಬೇಕಲ್ಲ.

ಪ್ರೊಸೆಸರಿನಲ್ಲಿ ನಾನು ಹೆಚ್ಚು ಕೊಸರುವುದಿಲ್ಲ. ಆರು ಕೋರಿನ ರೈಜನ್ 5 7600 ನಿನಗೆ ಧಾರಾಳ ಸಾಕು, ಡಬ್ಬದಲ್ಲೇ ಕೂಲರ್ ಬರುತ್ತದೆ. ಪ್ರೊಸೆಸರಿಗಿಂತ ಅದು ಕೂರುವ ಸಾಕೆಟ್ ಮುಖ್ಯ. ಎಎಂಡಿಯ ಹಿಂದಿನ ಎಎಂ4 ಸಾಕೆಟ್ಟಿನಲ್ಲಿ 2017ರಲ್ಲಿ ಕೊಂಡ ಎಷ್ಟೋ ಬೋರ್ಡುಗಳಿಗೆ, ಬಯಾಸ್ ಅಪ್‌ಡೇಟ್ ಮಾಡಿ, 2022ರ ಪ್ರೊಸೆಸರ್ ಹಾಕಲು ಸಾಧ್ಯವಾಯಿತು. 2022ರಲ್ಲಿ ಬಂದ ಎಎಂ5ಗೂ 2027 ಮತ್ತು ಆಚೆಗೆ ಬೆಂಬಲ ಇರುತ್ತದೆಂದು ಕಂಪನಿ ಹೇಳಿದೆ. ಇಂಟೆಲ್‌ನ ಎಲ್‌ಜಿಎ 1700ಕ್ಕೆ 14ನೇ ತಲೆಮಾರಿನ ನಂತರ 2024ರಲ್ಲಿ ಹೊಸ ಸಾಕೆಟ್ ಬಂತು. ಅಗ್ಗಕ್ಕೆ ಸಿಗುವ 13, 14ನೇ ತಲೆಮಾರಿನ ಹಳೆಯ ಐ7, ಐ9 ನೋಡಿ ಆಸೆಪಡಬೇಡ. ಅವುಗಳಲ್ಲಿ ವೋಲ್ಟೇಜ್ ತೊಂದರೆಯಿಂದ ಯಂತ್ರ ತಡವರಿಸುತ್ತಿದ್ದುದನ್ನು ಇಂಟೆಲ್ಲೇ 2024ರಲ್ಲಿ ಒಪ್ಪಿಕೊಂಡು ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು.

ರ‍್ಯಾಮ್ ಬೆಲೆ 2025ರ ಕೊನೆಯಿಂದ ಮೇಲೇರಿ ಕೂತಿದೆ. ಎಐ ಕೇಂದ್ರಗಳ ಸರ್ವರುಗಳಿಗೆ ಮೆಮೊರಿ ಚಿಪ್ಪುಗಳು ಹೋಗುತ್ತಿರುವುದರಿಂದ ನಮ್ಮ ಪಾಲಿಗೆ ಬರಗಾಲ. ಆದರೂ 16 ಜಿಬಿಯ ಎರಡು ಸ್ಟಿಕ್ಕುಗಳ ಒಂದೇ ಕಿಟ್ ತೆಗೆದುಕೋ. ಈಗ ಎರಡು, ಆಮೇಲೆ ಇನ್ನೆರಡು ಎಂಬ ಲೆಕ್ಕ ಡಿಡಿಆರ್5ರಲ್ಲಿ ಸರಿಹೋಗುವುದಿಲ್ಲ. ರೈಜನ್ 7000ಕ್ಕೆ ಎರಡು ಸ್ಟಿಕ್ಕಿನಲ್ಲಿ 5200ರ ವೇಗ ಎಂದು ಹೇಳುವ ಎಎಂಡಿ, ನಾಲ್ಕು ಹಾಕಿದರೆ 3600 ಮಾತ್ರ ಎನ್ನುತ್ತದೆ. ಪ್ರೊಸೆಸರಿನಿಂದ ಎಣಿಸಿ ಎರಡನೆಯ, ನಾಲ್ಕನೆಯ ಸ್ಲಾಟಿಗೆ ಹಾಕಿ, ಬಯಾಸಿನಲ್ಲಿ ಎಕ್ಸ್‌ಪೋ ಆನ್ ಮಾಡು. ಅದನ್ನು ಮಾಡದಿದ್ದರೆ 6000 ಎಂದು ಬರೆದ ರ‍್ಯಾಮ್ ತನ್ನ ವೇಗಕ್ಕೆ ಬರುವುದೇ ಇಲ್ಲ. ಎಸ್‌ಎಸ್‌ಡಿಗೆ 1 ಟಿಬಿ ಎನ್‌ವಿಎಂಇ, ಅದರ ಮೆಮೊರಿ ಟಿಎಲ್‌ಸಿ ಬಗೆಯದೆಂದು ಖಚಿತಪಡಿಸಿಕೊಂಡರೆ ಮುಗಿಯಿತು.

ಕ್ಯಾಬಿನೆಟ್ ಮುಂಭಾಗ ಗಾಜಿನದು ಬೇಡ, ಜಾಲರಿಯದ್ದಿರಲಿ. ಹೊಗೆಗಿಂಡಿ ಇಲ್ಲದ ಅಡುಗೆಮನೆಯಲ್ಲಿ ಒಲೆ ಹಚ್ಚಿದ ಹಾಗೆ ಆ ಗಾಜಿನ ಪೆಟ್ಟಿಗೆಗಳು. ಬಳ್ಳಾರಿಯ ಕೆಂಧೂಳಿಗೆ ಮುಂದುಗಡೆ ಕಳಚಿ ತೊಳೆಯಬಹುದಾದ ಫಿಲ್ಟರ್ ಬೇಕೇ ಬೇಕು. ಪೆಟ್ಟಿಗೆಯನ್ನು ನೆಲದ ಮೇಲಿಡದೆ ಮೇಜಿನ ಮೇಲಿಡು.

ಇನ್ನೊಂದು ವಿಷಯ ನಿನ್ನ ಪಟ್ಟಿಯಲ್ಲಿ ಬರುವಂಥದ್ದಲ್ಲ, ಆದರೆ ನನಗೆ ಮುಖ್ಯ. ವ್ಯಾಲರಂಟಿನ ವ್ಯಾನ್‌ಗಾರ್ಡ್ ಎಂಬ ಕಾವಲು ತಂತ್ರಾಂಶ ಯಂತ್ರ ಶುರುವಾದಾಗಿನಿಂದಲೇ ವಿಂಡೋಸಿನ ತೀರಾ ಒಳಗೆ ಕೂತು ಓಡುತ್ತದೆ. ಮೋಸ ಹಿಡಿಯಲು ಅದು ಹಾಗಿರಬೇಕೆಂದು ಅವರ ವಾದ. ಅದೇ ವಿಂಡೋಸಿನಲ್ಲಿ ಕಂಪನಿಯ ಗ್ರಾಹಕರ ಕಡತಗಳು ಇರುವುದು ಸರಿಯೇ ಎಂದು ನಿಮ್ಮ ಐಟಿ ವಿಭಾಗವನ್ನು ಕೇಳು. ಬೇರೆ ಯೂಸರ್ ಅಕೌಂಟ್ ಮಾಡಿದರೆ ಸಾಲದು. ಚಿಕ್ಕದೊಂದು ಎರಡನೇ ಎಸ್‌ಎಸ್‌ಡಿ ಹಾಕಿ, ಕಚೇರಿಗೆ ಅದರಲ್ಲೇ ಪ್ರತ್ಯೇಕ ಆಪರೇಟಿಂಗ್ ಸಿಸ್ಟಂ ಇಟ್ಟು, ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿದರೆ ನೆಮ್ಮದಿ. ಕೆಲಸವೆಲ್ಲ ಬ್ರೌಸರಿನಲ್ಲೇ ಆಗುವುದಾದರೆ ಲಿನಕ್ಸ್ ಸಾಕು. ವಿಂಡೋಸನ್ನು ಮಾತ್ರ ಅಂಗಡಿಯವರು ‘ಹಾಕಿಕೊಡುತ್ತೇವೆ’ ಎಂದರೆ ಬೇಡ ಎನ್ನು. ಕದ್ದ ವಿಂಡೋಸಿನ ಜೊತೆ ಏನೇನು ಬರುತ್ತದೆಂದು ಹಾಕಿದವನಿಗೂ ತಿಳಿದಿರುವುದಿಲ್ಲ, ನಿನ್ನ ಬ್ಯಾಂಕ್ ಪಾಸ್‌ವರ್ಡ್ ಅದರಲ್ಲೇ ಟೈಪ್ ಆಗುತ್ತದೆ.

ಕೊಳ್ಳಲು ಬೆಂಗಳೂರಿನ ಎಸ್‌ಪಿ ರೋಡಿಗೆ ಬರುತ್ತೇನೆ ಎಂದಿದ್ದೀಯ, ಬಾ. ಭಾನುವಾರ ಬೇಡ. ಮೊದಲ ಅಂಗಡಿಯಲ್ಲೇ ಪೂರ್ತಿ ಪಟ್ಟಿ ಕೊಡಬೇಡ. ನಾಲ್ಕು ಕಡೆ ದರ ಬರೆಸಿಕೊಂಡು, ಆನ್‌ಲೈನ್ ದರದೊಂದಿಗೆ ಹೋಲಿಸು. ‘ಟ್ರೇ ಪ್ರೊಸೆಸರ್, ಸಾವಿರ ರೂಪಾಯಿ ಕಡಿಮೆ’ ಎನ್ನುತ್ತಾರೆ. ಡಬ್ಬವಿಲ್ಲದ ಆ ಪ್ರೊಸೆಸರಿಗೆ ಕಂಪನಿಯ ಮೂರು ವರ್ಷದ ವಾರಂಟಿ ಇರುವುದಿಲ್ಲ, ಅಂಗಡಿಯವರು ಕೊಟ್ಟಷ್ಟೇ. ಪ್ರತಿಯೊಂದು ಭಾಗಕ್ಕೂ ಭಾರತದ ವಿತರಕರ ವಾರಂಟಿ ಇದೆಯೇ ಎಂದು ಕೇಳು, ವಿದೇಶದಿಂದ ಸೂಟ್‌ಕೇಸಿನಲ್ಲಿ ಬಂದದ್ದಕ್ಕೆ ಅದು ಸಿಗದು. ಹಳೆಯ ಗ್ರಾಫಿಕ್ಸ್ ಕಾರ್ಡನ್ನು ಓಡಿಸಿ ನೋಡಿ, ಬಿಲ್ಲಿದ್ದರೆ ತೆಗೆದುಕೊಳ್ಳಬಹುದು. ಹಳೆಯ ಎಸ್‌ಎಂಪಿಎಸ್ ಮಾತ್ರ ಪುಕ್ಕಟೆ ಕೊಟ್ಟರೂ ಬೇಡ. ಶೇ 18 ಜಿಎಸ್‌ಟಿ ಉಳಿಸೋಣ, ಬಿಲ್ಲಿಲ್ಲದೆ ಕೊಡುತ್ತೇವೆ ಎಂದವರಿಗೆ ನಮಸ್ಕಾರ ಹೇಳಿ ಮುಂದಿನ ಅಂಗಡಿಗೆ ನಡೆ. ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿ, ಅಲ್ಲೇ ನಿಂತು ಡಬ್ಬದ ನಂಬರಿಗೆ ತಾಳೆ ನೋಡು. ಆಮೇಲೆ ಅದರ ಫೋಟೊ ತೆಗೆದು ನನಗೂ ಒಂದು ಕಳಿಸು. ಒಳ್ಳೆಯ ಎಸ್‌ಎಂಪಿಎಸ್‌ನ ವಾರಂಟಿ ಹತ್ತು ವರ್ಷದವರೆಗೂ ಇರುತ್ತದೆ. ಥರ್ಮಲ್ ಕಾಗದದ ಬಿಲ್ಲಿನ ಅಕ್ಷರ ಒಂದೆರಡು ಬೇಸಿಗೆಗೇ ಅಳಿಸಿಹೋಗುತ್ತದೆ.