ಓಡಿಸುವುದು ಎಲ್ಲಿಗೆ?

ಇಪ್ಪತ್ತು ವರ್ಷದಿಂದ ಸರಗೂರಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೇನೆ. ನನ್ನ ಮಕ್ಕಳಲ್ಲಿ ಹಲವರು ಬಂಡೀಪುರ, ನಾಗರಹೊಳೆಯ ಕಾಡಂಚಿನವರು. ರಾಗಿ ತೆನೆಗಟ್ಟುವ ಕಾಲದಲ್ಲಿ ಅಪ್ಪನ ಜೊತೆ ರಾತ್ರಿಯಿಡೀ ಹೊಲ ಕಾದು, ಬೆಳಿಗ್ಗೆ ಕಣ್ಣು ಕೆಂಪಾಗಿಸಿಕೊಂಡು ತರಗತಿಗೆ ಬರುತ್ತಾರೆ. ‘ಓಡಿಸು’ ಎಂಬ ಕ್ರಿಯಾಪದದ ಬಗ್ಗೆ ನಾನು ಕಲಿತದ್ದರಲ್ಲಿ ಬಹುಪಾಲು ಅವರಿಂದಲೇ.

1. ಸಮಾನಾರ್ಥಕ ಎಂದರೆ ಸಮ ಎಂದಲ್ಲ

ಮೊದಮೊದಲು ಬೋರ್ಡಿನ ಮೇಲೆ ‘ಓಡಿಸು: ಅಟ್ಟು, ಹೊಡೆ, ಎಬ್ಬಿಸು, ಬೆದರಿಸು’ ಎಂದು ಬರೆದು ಮುಂದಕ್ಕೆ ಹೋಗುತ್ತಿದ್ದೆ. ಒಂದು ದಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಸಾ, ಗಿಣೀನ ಓಡಿಸ್ತೀವಿ. ಕೋಳೀನ ಗೂಡಿಗೆ ಅಟ್ತೀವಿ. ದನ ಹೊಡ್ಕೊಂಡು ಬತ್ತೀವಿ. ಎಲ್ಲಾ ಒಂದೇ ಹೆಂಗಾಯ್ತದೆ?” ಅಂದಿನಿಂದ ಪದಗಳ ಪಟ್ಟಿ ಕೊಡುವುದನ್ನು ಬಿಟ್ಟೆ, ಮಕ್ಕಳಿಂದ ವಾಕ್ಯ ಕೇಳತೊಡಗಿದೆ.

2. ಓಡಿಸುವವನು ಎಲ್ಲಿದ್ದಾನೆ, ನೋಡಿ

ಓಡು ಧಾತುವಿಗೆ ‘ಇಸು’ ಸೇರಿದರೆ ಓಡಿಸು. ಬಸ್ಸು ಓಡಿಸುವವನು ಬಸ್ಸಿನೊಳಗೇ ಕೂತಿರುತ್ತಾನೆ. ಹಂದಿ ಓಡಿಸುವವನು ತನ್ನ ಬದುವಿನ ಮೇಲೆಯೇ ಉಳಿಯುತ್ತಾನೆ; ಹಂದಿ ಮಾತ್ರ ಹೋಗುತ್ತದೆ. ‘ದನ ಹೊಡೆದುಕೊಂಡು ಬಾ’ ಎಂದಾಗ ಏಟಿನ ಮಾತೇ ಇಲ್ಲ. ಆ ‘ಕೊಂಡು’ ಎಂಬುದರಲ್ಲಿ ದನದ ಹಿಂದೆ ನಡೆದು ಬರುವ ಮನುಷ್ಯನಿದ್ದಾನೆ.

3. ಬೆನ್ನಟ್ಟುವುದಕ್ಕೂ ಓಡಿಸುವುದಕ್ಕೂ ಉದ್ದೇಶ ಬೇರೆ

‘ಪೊಲೀಸರು ಕಳ್ಳನನ್ನು ಓಡಿಸಿದರು’ ಎಂದು ಬರೆದರೆ ಕಳ್ಳ ತಪ್ಪಿಸಿಕೊಂಡ ಹಾಗೆ. ‘ಬೆನ್ನಟ್ಟಿದರು’ ಎನ್ನಬೇಕು. ಬೆನ್ನಟ್ಟುವುದು ಹಿಡಿಯುವುದಕ್ಕೆ, ಓಡಿಸುವುದು ದೂರ ಮಾಡುವುದಕ್ಕೆ. ಬೆದರಿಸುವವನಿಗಂತೂ ಕಾಲಾಡಿಸುವ ಕೆಲಸವೂ ಇಲ್ಲ. ಹೊಲದ ನಡುವಿನ ಬೆದರುಬೊಂಬೆ ನಿಂತಲ್ಲೇ ನಿಂತು ಅದನ್ನು ಮಾಡುತ್ತದೆ.

4. ‘ಅಟ್ಟು’ ಎಂಬುದರಲ್ಲಿ ಕಳುಹಿಸುವ ಅರ್ಥವೂ ಇದೆ

ಹಳಗನ್ನಡದಲ್ಲಿ ಓಲೆಯನ್ನು ಅಟ್ಟುತ್ತಿದ್ದರು, ದೂತನನ್ನು ಅಟ್ಟುತ್ತಿದ್ದರು. ಅಂದರೆ ತಲುಪಬೇಕಾದ ಜಾಗ ಗೊತ್ತಿರುತ್ತಿತ್ತು. ನಮ್ಮ ಕಡೆಯ ಆನೆ ಸುದ್ದಿಗಳಲ್ಲಿ ಪತ್ರಿಕೆಗಳು ಬಳಸುವ ‘ಕಾಡಿಗಟ್ಟಿದರು’ ಎಂಬ ಮಾತು ನನಗೆ ಇಷ್ಟವಾಗುವುದು ಇದೇ ಕಾರಣಕ್ಕೆ. ಕಾಡಿಗೆ, ಅಟ್ಟು, ಸಂಧಿ ಬಿಡಿಸಿದರೆ ಆನೆಯ ಮನೆ ಕಾಣುತ್ತದೆ. ಪಟಾಕಿ ಹಿಡಿದು ಹೊಲದಲ್ಲಿ ನಿಂತ ರೈತ “ಹೋಗಪ್ಪಾ, ಹೋಗು” ಎನ್ನುವಾಗಲೂ ಅದೇ ಭಾವ.

5. ಮರೆತ ಪದಗಳನ್ನು ಮರಳಿ ಕರೆಯಿರಿ

ಬೇಟೆಯಲ್ಲಿ ಮೃಗಗಳನ್ನು ಪೊದೆಯಿಂದ ಎಬ್ಬಿಸಿ ಓಡಿಸುವುದಕ್ಕೆ ಹಳೆಯ ಕನ್ನಡದಲ್ಲಿ ‘ಸೋವು’ ಎಂಬ ಪದವಿದೆ. ನಿಘಂಟಿನಲ್ಲಿ ಅದನ್ನು ಕಂಡಾಗ ನನಗೆ ನೆನಪಾದದ್ದು ನಮ್ಮ ಕಾಕನಕೋಟೆಯ ಖೆಡ್ಡಾ. ಸದ್ದು ಮಾಡಿ, ಬೆಂಕಿ ತೋರಿಸಿ ಆನೆಹಿಂಡನ್ನು ಕಬಿನಿಯ ನೀರಿಗಿಳಿಸಿ, ಕೊನೆಗೆ ದೊಡ್ಡಿಗೆ ಸೇರಿಸುತ್ತಿದ್ದರು. ಕಡೆಯ ಖೆಡ್ಡಾ ನಡೆದದ್ದು 1971ರಲ್ಲಿ. ಅಲ್ಲಿ ಆನೆಗೆ ತಾನು ತಪ್ಪಿಸಿಕೊಳ್ಳುತ್ತಿದ್ದೇನೆ ಅನ್ನಿಸುತ್ತಿತ್ತೇನೋ. ದಾರಿಯನ್ನು ಮಾತ್ರ ಮನುಷ್ಯ ಮೊದಲೇ ಗೊತ್ತುಮಾಡಿರುತ್ತಿದ್ದ. ಓಡಿಸುವುದಕ್ಕೂ ಸೋವುವುದಕ್ಕೂ ಇರುವ ಈ ಅಂತರವನ್ನು ಪಾಠ ಮಾಡಲು ನಮ್ಮೂರಿಗಿಂತ ಒಳ್ಳೆಯ ಜಾಗ ನನಗೆ ತಿಳಿದಿಲ್ಲ.

6. ಮೆದುವಾದ ಪದವನ್ನೂ ತಡವಿ ನೋಡಿ

‘ಎಬ್ಬಿಸು’ ತಾಯಿಯ ಪದ. ಮಲಗಿದ ಮಗುವನ್ನು ಎಬ್ಬಿಸುತ್ತಾಳೆ. ಅದರ ಹಿಂದೆ ‘ಒಕ್ಕಲು’ ಸೇರಿದರೆ ಒಂದು ಕುಟುಂಬದ ನೆಲೆಯೇ ಹೋಗುತ್ತದೆ. 1970ರ ದಶಕದಲ್ಲಿ ಹುಲಿ ಯೋಜನೆ ಬಂತು, ಕಬಿನಿ ಜಲಾಶಯ ತುಂಬಿತು. ಈ ಸೀಮೆಯ ಹಾಡಿಗಳ, ಊರುಗಳ ಜನ ಜಾಗ ಬಿಟ್ಟೆದ್ದರು.

ಮಕ್ಕಳು ‘ಓಡಿಸಿದರು’ ಎಂದು ಬರೆದಲ್ಲೆಲ್ಲ ಅಂಚಿನಲ್ಲಿ ‘ಎಲ್ಲಿಗೆ?’ ಎಂದು ಗುರುತು ಹಾಕುವುದು ನನ್ನ ರೂಢಿ. ಹಾಡಿಯ ಹುಡುಗನೊಬ್ಬ ‘ನಮ್ಮ ತಾತನನ್ನು ಕಾಡಿನಿಂದ ಒಕ್ಕಲೆಬ್ಬಿಸಿದರು’ ಎಂದು ಬರೆದಿದ್ದ. ಅದಕ್ಕೂ ಅದೇ ಪ್ರಶ್ನೆ ಬರೆದೆ. ಮರುದಿನ ಪುಸ್ತಕ ತಂದು ಅವನು ಹೇಳಿದ: “ಮೊದಲು ಒಂದು ಕಡೆ ಇದ್ರಂತೆ ಸಾ, ಆಮೇಲೆ ಇನ್ನೊಂದು ಕಡೆ.” ಇಬ್ಬರೂ ಕೂತು ತಾತ ಹೇಳಿದ ಜಾಗಗಳನ್ನು ಒಂದೊಂದಾಗಿ ಬರೆದೆವು. ಒಂದು ವಾಕ್ಯ ಅರ್ಧ ಪುಟವಾಯಿತು. ಆ ಪದದ ಅರ್ಥ ಅಷ್ಟೂ ಉದ್ದದ್ದು. ಈಗ ಪ್ರತಿ ವರ್ಷ ಈ ಪಾಠವನ್ನು ಆ ಅರ್ಧ ಪುಟದಿಂದಲೇ ಶುರುಮಾಡುತ್ತೇನೆ.