ಕೆಸರನ್ನು ಗೆದ್ದ ಗೊಂಬೆ

ಮಕ್ಕಳೇ, ಅಂಗಡಿಯಲ್ಲಿ ಬಟ್ಟೆಯ ಗೊಂಬೆ ಕೊಳ್ಳುವಾಗ ನೀವು ಏನು ಮಾಡುತ್ತೀರಿ? ಹಿಂದೆ ಮುಂದೆ ತಿರುಗಿಸಿ ನೋಡುತ್ತೀರಿ. ಎಲ್ಲಿಯಾದರೂ ಕಲೆ ಕಂಡರೆ, “ಇದು ಬೇಡ, ಬೇರೆ ಕೊಡಿ” ಎನ್ನುತ್ತೀರಿ. ಆದರೆ ಮೈಮೇಲೆ ಕಲೆಯಿದ್ದರೂ ಜನರು ಪ್ರೀತಿಯಿಂದ ಕೊಂಡುಕೊಂಡ ಗೊಂಬೆಯೊಂದು ನಮ್ಮ ಕೇರಳದಲ್ಲಿದೆ. ಅದರ ಹೆಸರು ಚೇಕುಟ್ಟಿ. ಅದು ಹುಟ್ಟಿದ ಬಗೆಯನ್ನು ಈ ಪಾಠದಲ್ಲಿ ತಿಳಿಯೋಣ.

ಎರ್ನಾಕುಳಂ ಜಿಲ್ಲೆಯ ಪರವೂರಿನ ಹತ್ತಿರ ಚೇಂದಮಂಗಲಂ ಎಂಬ ಗ್ರಾಮವಿದೆ. ಪೆರಿಯಾರ್ ನದಿ ಕವಲೊಡೆದು ಸಮುದ್ರದ ಕಡೆಗೆ ಹರಿಯುವ ತಗ್ಗು ಪ್ರದೇಶವದು. ಅಲ್ಲಿ ದೇವಾಲಯ, ಮಸೀದಿ, ಇಗರ್ಜಿ, ಯೆಹೂದ್ಯರ ಹಳೆಯ ಪ್ರಾರ್ಥನಾ ಮಂದಿರ ಇವೆಲ್ಲವೂ ಒಂದಕ್ಕೊಂದು ಹತ್ತಿರದಲ್ಲಿವೆ. ಈ ಊರು ಕೈಮಗ್ಗದ ಬಟ್ಟೆಗೆ ಹೆಸರಾದುದು. ನಮ್ಮ ಕಾಸರಗೋಡು ಸೀರೆಯ ಹೆಸರನ್ನು ನೀವು ಕೇಳಿದ್ದೀರಲ್ಲವೇ? ಹಾಗೆಯೇ ಚೇಂದಮಂಗಲದ ಹತ್ತಿಯ ಮುಂಡು ಮತ್ತು ಸೀರೆಗಳೂ ಪ್ರಸಿದ್ಧವಾಗಿವೆ. ಅಲ್ಲಿನ ನೇಕಾರರಲ್ಲಿ ಬಹಳ ಮಂದಿ ಮಹಿಳೆಯರು. ಅವರು ಸಹಕಾರಿ ಸಂಘಗಳಲ್ಲಿ ಸೇರಿ ನೇಯುತ್ತಾರೆ.

ನೇಕಾರರಿಗೆ ಓಣಂ ಬಹಳ ಮುಖ್ಯವಾದ ಕಾಲ. ಓಣಂ ಹಬ್ಬಕ್ಕೆ ಎಲ್ಲರೂ ಹೊಸ ಬಟ್ಟೆ ಕೊಳ್ಳುತ್ತಾರೆ. ಆದುದರಿಂದ ತಿಂಗಳುಗಳ ಮೊದಲೇ ನೇಯ್ದು, ಮಡಚಿ, ಅಟ್ಟಿಯಾಗಿ ಇಡುತ್ತಾರೆ. 2018ರಲ್ಲಿ ತಿರುವೋಣಂ ಆಗಸ್ಟ್ 25ರಂದು ಬಂದಿತ್ತು. ಚೇಂದಮಂಗಲದ ಸಂಘಗಳಲ್ಲಿ ಓಣಂ ಸೀರೆಗಳು ಸಿದ್ಧವಾಗಿದ್ದುವು.

ಆದರೆ ಆ ವರ್ಷ ಮಳೆ ಬಿಡಲೇ ಇಲ್ಲ. ಜೂನ್ 1ರಿಂದ ಆಗಸ್ಟ್ 19ರ ವರೆಗೆ ಕೇರಳದಲ್ಲಿ ಸಾಮಾನ್ಯವಾಗಿ ಸುಮಾರು 1,650 ಮಿಲಿಮೀಟರ್ ಮಳೆ ಸುರಿಯುತ್ತದೆ. ಆ ಸಲ ಸುಮಾರು 2,350 ಮಿಲಿಮೀಟರ್ ಸುರಿಯಿತು. ನದಿಗಳು ಉಕ್ಕಿದುವು. ಅಣೆಕಟ್ಟುಗಳು ತುಂಬಿದುವು. ಪೆರಿಯಾರ್ ನದಿಯ ಇಡುಕ್ಕಿ ಜಲಾಶಯದ ಚೆರುತೋಣಿ ಅಣೆಕಟ್ಟಿನ ಬಾಗಿಲುಗಳನ್ನು 26 ವರ್ಷಗಳ ನಂತರ ತೆರೆಯಬೇಕಾಯಿತು. ಓಣಂಗೆ ಸುಮಾರು ಹತ್ತು ದಿನ ಇರುವಾಗ ತಗ್ಗಿನ ಊರುಗಳಿಗೆಲ್ಲ ನೀರು ನುಗ್ಗಿತು. ರಾಜ್ಯದಲ್ಲಿ ನಾನೂರಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಲಕ್ಷಾಂತರ ಜನರು ಮನೆ ಬಿಟ್ಟು ಪರಿಹಾರ ಶಿಬಿರಗಳನ್ನು ಸೇರಿದರು.

ಆಗ ಕಡಲ ತೀರದ ಮೀನುಗಾರರು ಹೊರಟರು. ತಮ್ಮ ದೋಣಿಗಳನ್ನು ಲಾರಿಗಳಿಗೆ ಏರಿಸಿ ಒಳನಾಡಿಗೆ ತಂದರು. ಹೆಂಚಿನ ಮೇಲೆ, ಮಾಳಿಗೆಯ ಮೇಲೆ ಕುಳಿತಿದ್ದವರನ್ನು ಇಳಿಸಿ ದಡ ಸೇರಿಸಿದರು. ಹೀಗೆ ಅವರು ಕಾಪಾಡಿದ ಜನರ ಸಂಖ್ಯೆ ಸುಮಾರು 65,000.

ನೀರು ಇಳಿಯಿತು. ಕಷ್ಟ ಇಳಿಯಲಿಲ್ಲ. ಮನೆಗೆ ಮರಳಿದವರಿಗೆ ಕಂಡದ್ದು ಕೆಸರು. ನೆಲದಲ್ಲಿ ಕೆಸರು, ಗೋಡೆಯಲ್ಲಿ ಕೆಸರು, ಬಾವಿಯಲ್ಲಿ ಕೆಸರು. ಇಷ್ಟೊಂದು ಕೆಸರನ್ನು ಒಂದು ಮನೆಯವರೇ ತೆಗೆಯಬಲ್ಲರೇ? ಸಾಧ್ಯವಿಲ್ಲ. ಆದುದರಿಂದ ಊರಿನವರು ಗುಂಪುಗಳಾಗಿ ಮನೆಯಿಂದ ಮನೆಗೆ ಹೋದರು. ಕುಟುಂಬಶ್ರೀಯ ಮಹಿಳೆಯರು, ವಿದ್ಯಾರ್ಥಿಗಳು, ಬೇರೆ ಜಿಲ್ಲೆಗಳಿಂದ ಬಂದ ಸ್ವಯಂಸೇವಕರು ಜೊತೆಗೂಡಿದರು.

ಈ ಕೆಲಸಕ್ಕೂ ಒಂದು ಕ್ರಮವಿದೆ. ನೆರೆ ಇಳಿದ ಮನೆಯೊಳಗೆ ಹಾವುಗಳು ಅಡಗಿರಬಹುದು. ಹಾಗಾಗಿ ಹಿರಿಯರು ಮೊದಲು ಕೋಲಿನಿಂದ ತಟ್ಟಿ ನೋಡಬೇಕು. ವಿದ್ಯುತ್ತಿನ ತಂತಿಗಳನ್ನು ಪರೀಕ್ಷಿಸುವ ವರೆಗೆ ಸ್ವಿಚ್ ಮುಟ್ಟಬಾರದು. ಕೆಸರು ಒಣಗಿ ಗಟ್ಟಿಯಾಗುವ ಮೊದಲೇ ಗುದ್ದಲಿಯಿಂದ ಎಳೆದು ತೆಗೆಯಬೇಕು. ಬಾವಿಯ ನೀರನ್ನು ಶುಚಿಗೊಳಿಸಿ ಬ್ಲೀಚಿಂಗ್ ಪೌಡರ್ ಹಾಕಬೇಕು. ಕುಡಿಯುವ ನೀರನ್ನು ಚೆನ್ನಾಗಿ ಕುದಿಸಬೇಕು. ಕೆಸರಿನಲ್ಲಿ ದುಡಿಯುವವರು ಬೂಟು, ಕೈಚೀಲ ಧರಿಸಬೇಕು. ಏಕೆಂದರೆ ಇಲಿಯ ಮೂತ್ರ ಬೆರೆತ ನೀರು ಗಾಯಕ್ಕೆ ತಾಗಿದರೆ ಇಲಿಜ್ವರ ಬರಬಹುದು. ಇದನ್ನು ತಡೆಯಲು ಆರೋಗ್ಯ ಇಲಾಖೆಯವರು ಮಾತ್ರೆಗಳನ್ನೂ ಹಂಚಿದರು.

ಮನೆಗಳೇನೋ ಶುಚಿಯಾದುವು. ಆದರೆ ಚೇಂದಮಂಗಲದ ನೇಕಾರರ ಗತಿ ಏನು? ಮಗ್ಗಗಳು ನೀರಿನಲ್ಲಿ ಮುಳುಗಿ ಕೆಟ್ಟಿದ್ದುವು. ನೂಲು ಹಾಳಾಗಿತ್ತು. ಓಣಂಗೆಂದು ನೇಯ್ದ ಸೀರೆಗಳಿಗೆ ಕೆಸರಿನ ಕಲೆ ಹಿಡಿದಿತ್ತು. ಎಷ್ಟು ಒಗೆದರೂ ಕಲೆ ಪೂರ್ತಿ ಹೋಗಲಿಲ್ಲ. ಕಲೆಯ ಸೀರೆಯನ್ನು ಯಾರು ಕೊಳ್ಳುತ್ತಾರೆ? ಅವನ್ನು ಸುಟ್ಟುಬಿಡುವುದೊಂದೇ ದಾರಿ ಎಂಬಂತಾಯಿತು. ತಿಂಗಳುಗಳ ದುಡಿಮೆ ಬೂದಿಯಾಗುವುದರಲ್ಲಿತ್ತು.

ಆ ಹೊತ್ತಿಗೆ ಲಕ್ಷ್ಮಿ ಮೇನೋನ್ ಮತ್ತು ಗೋಪಿನಾಥ್ ಪಾರಯಿಲ್ ಎಂಬವರಿಗೆ ಒಂದು ಯೋಚನೆ ಹೊಳೆಯಿತು. ಕಲೆಯ ಸೀರೆಗಳನ್ನು ಕ್ಲೋರಿನ್‌ನಿಂದ ಶುದ್ಧೀಕರಿಸಿ, ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸಿ, ಗೊಂಬೆ ಕಟ್ಟಿದರೆ ಹೇಗೆ? ಗೊಂಬೆಗೆ ‘ಚೇಕುಟ್ಟಿ’ ಎಂದು ಹೆಸರಿಟ್ಟರು. ಮಲಯಾಳದಲ್ಲಿ ‘ಚೇರು’ ಎಂದರೆ ಕೆಸರು, ‘ಕುಟ್ಟಿ’ ಎಂದರೆ ಮಗು. ಕೆಸರನ್ನು ಗೆದ್ದು ಬದುಕಿದ ಮಗು ಎಂದು ಇದರ ಅರ್ಥ. ಕಲೆಯನ್ನು ಮುಚ್ಚಿಡಲಿಲ್ಲ. ಊರು ಪಟ್ಟ ಕಷ್ಟಕ್ಕೆ ಅದೇ ಗುರುತಾಯಿತು.

ಈಗ ಒಂದು ಲೆಕ್ಕ ಮಾಡೋಣವೇ? ಸುಮಾರು 1,300 ರೂಪಾಯಿ ಬೆಲೆಯ ಒಂದು ಸೀರೆಯಿಂದ 360 ಗೊಂಬೆಗಳನ್ನು ಮಾಡಬಹುದಿತ್ತು. ಒಂದು ಗೊಂಬೆಯ ಬೆಲೆ 25 ರೂಪಾಯಿ. 360 ಗೊಂಬೆಗಳನ್ನು ಮಾರಿದರೆ 9,000 ರೂಪಾಯಿ! ಸುಡಬೇಕಾಗಿದ್ದ ಸೀರೆಗೆ ಹೊಸ ಸೀರೆಗಿಂತ ಹೆಚ್ಚು ಬೆಲೆ ಬಂತು. ಈ ಹಣ ನೇಕಾರರಿಗಾಗಿಯೇ ಇತ್ತು.

ಆದರೆ ಅಷ್ಟೊಂದು ಗೊಂಬೆಗಳನ್ನು ಕಟ್ಟುವವರು ಯಾರು? ಅದಕ್ಕೂ ಜನರು ಮುಂದೆ ಬಂದರು. ಶಾಲಾ ಮಕ್ಕಳು, ಕಾಲೇಜು ವಿದ್ಯಾರ್ಥಿಗಳು, ಗೃಹಿಣಿಯರು ಬಿಡುವಿನ ವೇಳೆಯಲ್ಲಿ ಕುಳಿತು ಗೊಂಬೆ ಕಟ್ಟಿದರು. ದೂರದ ನಗರಗಳಲ್ಲಿಯೂ ಹೊರದೇಶಗಳಲ್ಲಿಯೂ ಈ ಕೆಲಸ ನಡೆಯಿತು. ಇತ್ತ ಮಗ್ಗಗಳನ್ನು ದುರಸ್ತಿ ಮಾಡಲು ಬೇರೆ ಸಂಘಟನೆಗಳು ನೆರವಾದುವು. ಲಾಳಿಯ ಸದ್ದು ಚೇಂದಮಂಗಲದಲ್ಲಿ ಮತ್ತೆ ಕೇಳಿಸಿತು.

ಮಕ್ಕಳೇ, ಕಷ್ಟದಲ್ಲಿರುವವರಿಗೆ ಅನ್ನ, ಬಟ್ಟೆ ಕೊಡುವುದು ದೊಡ್ಡ ಸಹಾಯ. ಅವರ ದುಡಿಮೆಯನ್ನು ಅವರಿಗೆ ಮರಳಿ ಕೊಡುವುದು ಅದಕ್ಕಿಂತಲೂ ದೊಡ್ಡದು. ನೇಕಾರರಿಗೆ ಬೇಕಾಗಿದ್ದುದು ತಮ್ಮ ಮಗ್ಗ, ತಮ್ಮ ಕೆಲಸ. ಹಲವು ಕೈಗಳು ಸೇರಿದುದರಿಂದ ಅದು ಅವರಿಗೆ ದೊರೆಯಿತು. ನಿಮ್ಮ ಊರಿಗೆ ಇಂತಹ ಕಷ್ಟ ಬಂದರೆ ನಿಮ್ಮ ಪುಟ್ಟ ಕೈಗಳು ಏನು ಮಾಡಬಲ್ಲವು? ಯೋಚಿಸಿರಿ.

ಪದಗಳ ಅರ್ಥ

ನೆರೆ – ಪ್ರವಾಹ
ನೇಕಾರ – ಬಟ್ಟೆ ನೇಯುವವನು
ಲಾಳಿ – ಮಗ್ಗದಲ್ಲಿ ನೂಲನ್ನು ಅತ್ತಿತ್ತ ಒಯ್ಯುವ ಸಾಧನ
ಅಟ್ಟಿ – ಒಂದರ ಮೇಲೊಂದು ಇಟ್ಟ ರಾಶಿ
ದುರಸ್ತಿ – ಕೆಟ್ಟುದನ್ನು ಸರಿಪಡಿಸುವುದು

ಉತ್ತರಿಸಿರಿ

1. ಓಣಂ ಕಾಲವು ನೇಕಾರರಿಗೆ ಮುಖ್ಯವಾದುದೇಕೆ?
2. ಮೀನುಗಾರರು ಜನರನ್ನು ಹೇಗೆ ಕಾಪಾಡಿದರು?
3. ಕೆಸರು ತೆಗೆಯುವಾಗ ಬೂಟು, ಕೈಚೀಲ ಧರಿಸಬೇಕು. ಏಕೆ?
4. ‘ಚೇಕುಟ್ಟಿ’ ಎಂಬ ಹೆಸರಿನ ಅರ್ಥವೇನು?
5. ಗೊಂಬೆಯ ಮೇಲಿನ ಕಲೆಯನ್ನು ಮುಚ್ಚಿಡದೆ ಇದ್ದುದು ಸರಿಯೇ? ನಿಮ್ಮ ಅಭಿಪ್ರಾಯ ಬರೆಯಿರಿ.

ಮಾಡಿ ನೋಡಿರಿ

ಮನೆಯಲ್ಲಿರುವ ಹಳೆಯ ಬಟ್ಟೆಯ ತುಂಡು ಮತ್ತು ನೂಲಿನಿಂದ ಒಂದು ಗೊಂಬೆ ಕಟ್ಟಿರಿ. ನಿಮ್ಮ ಊರಿನ ಹಿರಿಯರೊಬ್ಬರೊಡನೆ ಅವರು ಕಂಡ ನೆರೆಯ ಬಗ್ಗೆ ಕೇಳಿ ತಿಳಿದು, ತರಗತಿಯಲ್ಲಿ ಹೇಳಿರಿ.